ಷಿಕಾಗೊ ಗ್ರಂಥಾಲಯದಲ್ಲಿ ಸಿಕ್ಕ ಮನೆ: ರಾಮಾನುಜನ್ ಬರೆದ ವಲಸೆಯ ಬದುಕು

ತಾಯ್ನಾಡು ಬಿಟ್ಟು ಹೊರದೇಶದಲ್ಲಿ ನೆಲೆಸಿದ ಬರಹಗಾರ ಯಾವ ಭಾಷೆಯಲ್ಲಿ ಬರೆಯಬೇಕು? ಬಿಟ್ಟು ಬಂದ ಊರಿನ ಭಾಷೆಯಲ್ಲೋ, ಅನ್ನ ಕೊಟ್ಟ ಊರಿನ ಭಾಷೆಯಲ್ಲೋ? ಕಳೆದ ಶತಮಾನದ ಉತ್ತರಾರ್ಧದಲ್ಲಿ ಏಷ್ಯಾದಿಂದ ಅಮೆರಿಕಕ್ಕೆ ಹೋದ ಅನೇಕ ಲೇಖಕರು ಎದುರಿಸಿದ ಪ್ರಶ್ನೆಯಿದು. ಚೀನಾದಿಂದ ಹೋದ ಹಾ ಜಿನ್ ತಾಯ್ನುಡಿಯನ್ನು ಬದಿಗಿಟ್ಟು ಇಂಗ್ಲಿಷಿನಲ್ಲಿ ಕಥೆ, ಕಾದಂಬರಿ, ಕವಿತೆಗಳನ್ನು ಬರೆದು ಹೆಸರಾದರು. ಅವರಿಗಿಂತ ಕಾಲು ಶತಮಾನ ಮೊದಲೇ ಮೈಸೂರಿನಿಂದ ಹೋಗಿದ್ದ ಎ.ಕೆ. ರಾಮಾನುಜನ್ ಬೇರೊಂದು ದಾರಿ ಹಿಡಿದರು. ಇಂಗ್ಲಿಷಿನಲ್ಲಿ ಬರೆಯುತ್ತಲೇ ಕನ್ನಡದಲ್ಲೂ ಬರೆದರು. ಷಿಕಾಗೊದಲ್ಲಿ ಬರೆದದ್ದನ್ನು ಧಾರವಾಡದಲ್ಲಿ ಅಚ್ಚು ಹಾಕಿಸಿದರು.

ರಾಮಾನುಜನ್ ಅವರನ್ನು ಜಗತ್ತು ಹೆಚ್ಚಾಗಿ ಬಲ್ಲುದು ಅನುವಾದಕರಾಗಿ. ಬಸವಣ್ಣ, ಅಲ್ಲಮ, ಅಕ್ಕಮಹಾದೇವಿ, ದಾಸಿಮಯ್ಯರ ವಚನಗಳನ್ನು ಇಂಗ್ಲಿಷಿಗೆ ಕೊಂಡೊಯ್ದ 'ಸ್ಪೀಕಿಂಗ್ ಆಫ್ ಶಿವ' (1973), ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿಯ ಅನುವಾದ (1976) ಇವೆರಡೇ ಅವರ ಹೆಸರನ್ನು ಉಳಿಸಲು ಸಾಕು. ಆದರೆ ಊರು ಬಿಟ್ಟವನ ಬದುಕಿನ ಬಗ್ಗೆ ಅವರು ಬರೆದ ಕಥೆ, ಕವಿತೆಗಳು ಇನ್ನೊಂದು ಸಂಗತಿಯನ್ನು ಹೇಳುತ್ತವೆ. ವಲಸೆ ಹೋದವನಿಗೆ ಕಾಡುವುದು ಊರಿನ ನೆನಪು ಮಾತ್ರವಲ್ಲ. ತನ್ನ ಮನೆಯನ್ನು ತಾನು ಯಾರ ಕಣ್ಣಿನಿಂದ ನೋಡುತ್ತಿದ್ದೇನೆ ಎಂಬ ಅನುಮಾನವೂ ಹೌದು. ಕನ್ನಡದಲ್ಲಿ ಇದನ್ನು ಇಷ್ಟು ನಿಷ್ಠುರವಾಗಿ ಹೇಳಿದವರು ವಿರಳ.

ಮಹಡಿಯ ಮೇಲೆ, ಕೆಳಗೆ, ಹೊರಗೆ

ರಾಮಾನುಜನ್ ಹುಟ್ಟಿದ್ದು 1929ರ ಮಾರ್ಚ್ 16ರಂದು, ಮೈಸೂರಿನಲ್ಲಿ. ತಮಿಳು ಮಾತನಾಡುವ ಶ್ರೀವೈಷ್ಣವ ಕುಟುಂಬ. ತಂದೆ ಕೃಷ್ಣಸ್ವಾಮಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರು. ಖಗೋಳ ವಿಜ್ಞಾನವನ್ನೂ ಜ್ಯೋತಿಷವನ್ನೂ ಒಟ್ಟಿಗೆ ನಂಬಿದ್ದ ತಂದೆಯ ಬಗ್ಗೆ ಮಗ ಮುಂದೆ ಭಾರತೀಯರ ಚಿಂತನಾಕ್ರಮವನ್ನು ಕುರಿತ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಬರೆದಿದ್ದಾರೆ.

ಮನೆಯಲ್ಲಿ ಭಾಷೆಗಳಿಗೆ ಅವುಗಳದೇ ಜಾಗಗಳಿದ್ದವು. ಮಹಡಿಯ ಮೇಲೆ ತಂದೆಯ ಓದುಕೋಣೆಯಲ್ಲಿ ಇಂಗ್ಲಿಷ್. ಕೆಳಗೆ ತಾಯಿಯೊಡನೆ, ಅಡುಗೆಮನೆಯಲ್ಲಿ, ತಮಿಳು. ಬಾಗಿಲು ದಾಟಿ ಬೀದಿಗಿಳಿದರೆ ಕನ್ನಡ. ಹೀಗೆ ಹಡಗು ಹತ್ತುವ ಎಷ್ಟೋ ವರ್ಷ ಮೊದಲೇ ರಾಮಾನುಜನ್ ದಿನಕ್ಕೆ ಹಲವು ಸಲ ಒಂದು ಭಾಷೆಯಿಂದ ಇನ್ನೊಂದಕ್ಕೆ ವಲಸೆ ಹೋಗಿ ಬರುತ್ತಿದ್ದರು. ಗಮನಿಸಬೇಕಾದ ಸಂಗತಿಯೆಂದರೆ ಅವರು ಸ್ವಂತ ಕಾವ್ಯಕ್ಕೆ ಆರಿಸಿಕೊಂಡದ್ದು ಮಹಡಿಯ ಭಾಷೆಯನ್ನೂ ಬೀದಿಯ ಭಾಷೆಯನ್ನೂ. ತಾಯಿಯ ಭಾಷೆಯಾದ ತಮಿಳು ಅವರಿಗೆ ಅನುವಾದದ ಭಾಷೆಯಾಯಿತು.

ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ಅವರು ಬೆಳಗಾವಿ, ಬರೋಡ ಮೊದಲಾದ ಊರುಗಳಲ್ಲಿ ಅಧ್ಯಾಪಕರಾಗಿದ್ದರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾಶಾಸ್ತ್ರದ ಕಡೆಗೆ ಹೊರಳಿದರು. 1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಇಂಡಿಯಾನ ವಿಶ್ವವಿದ್ಯಾಲಯ ಸೇರಿ, 1963ರಲ್ಲಿ ಡಾಕ್ಟರೇಟ್ ಪಡೆದರು. ಅಷ್ಟರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಕೆಲಸ ದೊರೆತಿತ್ತು. 1993ರ ಜುಲೈ 13ರಂದು ನಿಧನರಾಗುವವರೆಗೆ ಅದೇ ಅವರ ನೆಲೆ.

ಬಾಗಿಲು ತೆರೆಯುವ ಮೊದಲು

ಆ ಕಾಲದ ಅಮೆರಿಕ ಈಗಿನಂತಿರಲಿಲ್ಲ. ಏಷ್ಯಾದವರ ವಲಸೆಗೆ ಅಲ್ಲಿ ದೀರ್ಘಕಾಲ ಬಾಗಿಲು ಮುಚ್ಚಿತ್ತು. ಚೀನೀ ಕಾರ್ಮಿಕರನ್ನು ಹೊರಗಿಡಲು 1882ರಲ್ಲಿ ಮಾಡಿದ ಕಾನೂನು ರದ್ದಾದದ್ದು 1943ರಲ್ಲಿ. ಆಗಲೂ ವರ್ಷಕ್ಕೆ 105 ಚೀನೀಯರಿಗಷ್ಟೇ ಪ್ರವೇಶ. 1946ರ ಕಾಯಿದೆ ಭಾರತೀಯರಿಗೆ ನಿಗದಿ ಮಾಡಿದ್ದು ವರ್ಷಕ್ಕೆ 100. ರಾಷ್ಟ್ರಮೂಲವನ್ನು ಆಧರಿಸಿದ ಈ ಕೋಟಾ ಪದ್ಧತಿಯನ್ನು ಕೈಬಿಟ್ಟದ್ದು 1965ರ ವಲಸೆ ಕಾಯಿದೆ. ವೈದ್ಯರು, ಎಂಜಿನಿಯರುಗಳು, ವಿಜ್ಞಾನಿಗಳು ಕುಟುಂಬ ಸಮೇತ ಹೋಗತೊಡಗಿದ್ದು ಅದರ ನಂತರ. ಕನ್ನಡ ಕೂಟಗಳು, ದೇವಸ್ಥಾನಗಳು, ದಿನಸಿ ಅಂಗಡಿಗಳು ಹುಟ್ಟಿಕೊಂಡದ್ದೂ ಆ ಬಳಿಕವೇ.

ರಾಮಾನುಜನ್ ಈ ಅಲೆಗೆ ಮುಂಚಿನವರು. ಅವರ ಕಥೆಗಳ ವಲಸಿಗನ ಸುತ್ತ ಸ್ವಂತ ಊರಿನವರ ಗುಂಪಿಲ್ಲ. ಅವನು ಒಬ್ಬಂಟಿ. ಅವನ ಸಂಗಾತಿಗಳು ಪುಸ್ತಕಗಳು ಮತ್ತು ಮನೆಯಿಂದ ಬರುವ ಕಾಗದಗಳು. ಈ ಹಿನ್ನೆಲೆ ತಿಳಿದರೆ 'ಅಣ್ಣಯ್ಯನ ಮಾನವಶಾಸ್ತ್ರ' ಕಥೆಯ ಪೆಟ್ಟು ಹೆಚ್ಚು ಅರ್ಥವಾಗುತ್ತದೆ.

ಪುಸ್ತಕದಲ್ಲಿ ಸಿಕ್ಕ ಸಾವು

ಕನ್ನಡದ ಅತ್ಯುತ್ತಮ ಸಣ್ಣಕಥೆಗಳಲ್ಲಿ ಒಂದೆನ್ನಬಹುದಾದ ಇದರ ನಾಯಕ ಅಣ್ಣಯ್ಯ ಮೈಸೂರಿನ ಬ್ರಾಹ್ಮಣ ಕುಟುಂಬದವನು, ಷಿಕಾಗೊದಲ್ಲಿದ್ದಾನೆ. ಊರಿನಲ್ಲಿದ್ದಾಗ ಪಾಶ್ಚಾತ್ಯ ಸಾಹಿತ್ಯದಲ್ಲಿ ಮುಳುಗಿದ್ದವನಿಗೆ ಮನೆಯ ಆಚಾರ ವಿಚಾರಗಳ ಗೊಡವೆ ಇರಲಿಲ್ಲ. ಅಮೆರಿಕಕ್ಕೆ ಬಂದ ಮೇಲೆ ಅವುಗಳ ಬಗ್ಗೆ ತೀರದ ಕುತೂಹಲ. ಹಿಂದೂ ಧರ್ಮದ ಬಗ್ಗೆ ಬಿಳಿಯ ವಿದ್ವಾಂಸರು ಬರೆದ ಪುಸ್ತಕಗಳನ್ನೆಲ್ಲ ಹುಡುಕಿ ಓದುತ್ತಾನೆ. ಅಜ್ಜಿ ಹೇಳಿದಾಗ ಕಿವಿಗೊಡದಿದ್ದವನು ಅದನ್ನೇ ಇಂಗ್ಲಿಷಿನಲ್ಲಿ ಅಚ್ಚಾದಾಗ ಭಕ್ತಿಯಿಂದ ಓದುವನು.

ಒಂದು ದಿನ ಗ್ರಂಥಾಲಯದಲ್ಲಿ ಹೊಸದೊಂದು ಪುಸ್ತಕ ಕೈಗೆ ಸಿಗುತ್ತದೆ. ಹಿಂದೂಗಳ ಸಂಸ್ಕಾರಗಳನ್ನು ಕುರಿತು ಅಮೆರಿಕದ ಮಾನವಶಾಸ್ತ್ರಜ್ಞನೊಬ್ಬ ಬರೆದದ್ದು. ಅದರಲ್ಲಿ ಮೈಸೂರಿನ ಫೋಟೊಗಳಿವೆ. ತೆಗೆದವನು ಅಣ್ಣಯ್ಯನದೇ ಸಂಬಂಧಿ. ಪುಟ ತಿರುವುತ್ತಾ ಹೋದಂತೆ ಪರಿಚಿತ ಮನೆಗಳು, ಪರಿಚಿತ ಮುಖಗಳು. ಶವಸಂಸ್ಕಾರದ ಭಾಗಕ್ಕೆ ಬಂದಾಗ ಅಲ್ಲಿರುವ ಶವ ತನ್ನ ತಂದೆಯದೇ ಎಂದು ಅವನಿಗೆ ತಿಳಿಯುತ್ತದೆ. ಮುಂದಿನ ಇನ್ನೊಂದು ಚಿತ್ರದಲ್ಲಿ, ವಿಧವೆಯ ಮಾದರಿಯಾಗಿ, ತಲೆ ಬೋಳಿಸಿಕೊಂಡ ತಾಯಿ. ದೂರದಲ್ಲಿರುವ ಮಗನಿಗೆ ಮನೆಯವರು ಈ ಸುದ್ದಿಯನ್ನೇ ತಿಳಿಸಿರಲಿಲ್ಲ.

ಕಥೆಯಲ್ಲಿ ಗೋಳಾಟವಿಲ್ಲ, ಹಾಸ್ಯದ ಧಾಟಿಯಲ್ಲಿ ಆರಂಭವಾಗಿ, ಆ ಹಾಸ್ಯವೇ ಕತ್ತು ಹಿಸುಕುವಂತೆ ಮುಗಿಯುತ್ತದೆ. ಇಲ್ಲಿ ತಪ್ಪು ಯಾರದು ಎಂದು ಹೇಳುವುದೂ ಸುಲಭವಲ್ಲ. ವಿದ್ವಾಂಸ ತನ್ನ ಕೆಲಸ ಮಾಡಿದ್ದಾನೆ. ಮಗನ ಓದು ಕೆಡಬಾರದೆಂದು ಮನೆಯವರು ಸುಮ್ಮನಿದ್ದಿರಬಹುದು. ಅಣ್ಣಯ್ಯ ತನ್ನ ಸಂಸ್ಕೃತಿಯನ್ನು ತಿಳಿಯಲು ಹೊರಟದ್ದೂ ಒಳ್ಳೆಯದೇ. ಆದರೆ ತಂದೆಯ ಸಾವು ಮಗನನ್ನು ತಲುಪಿದ್ದು ಅಡಿಟಿಪ್ಪಣಿಗಳ ನಡುವಿನ ಉದಾಹರಣೆಯಾಗಿ. ಮಾಡಬೇಕಾದ ಕರ್ಮ ಅವನ ಪಾಲಿಗೆ ಓದಬೇಕಾದ ವಿಷಯವಾಗಿಬಿಟ್ಟಿದೆ.

ಅದೇ ಗ್ರಂಥಾಲಯ, ಬೇರೆ ಪುಸ್ತಕ

ಈ ಕಥೆಗೆ ಬರಹಗಾರನ ಬದುಕಿನಲ್ಲೇ ತದ್ವಿರುದ್ಧವಾದ ಒಂದು ಜೊತೆ ಇದೆ. 1962ರಲ್ಲಿ ಹಳೆಯ ತಮಿಳಿನ ವ್ಯಾಕರಣವೊಂದನ್ನು ಹುಡುಕುತ್ತಾ ರಾಮಾನುಜನ್ ಷಿಕಾಗೊ ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಗೆ ಇಳಿದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಸಂಗಂ ಕಾಲದ ಪ್ರೇಮಕವಿತೆಗಳ ಸಂಕಲನ 'ಕುರುಂತೊಗೈ'. ತಾಳೆಗರಿಗಳಿಂದ ಪ್ರಾಚೀನ ತಮಿಳು ಕೃತಿಗಳನ್ನು ಉಳಿಸಿದ ಯು.ವಿ. ಸ್ವಾಮಿನಾಥ ಅಯ್ಯರ್ ಅವರು ಸಂಪಾದಿಸಿದ ಆವೃತ್ತಿ. ಮೈಸೂರಿನ ಅಡುಗೆಮನೆಯಲ್ಲಿ ದಿನವೂ ಆಡಿದ ಭಾಷೆಯ ಅತ್ಯಂತ ಹಳೆಯ ಕಾವ್ಯ ಅವರಿಗೆ ದೊರೆತದ್ದು ಹೀಗೆ, ಸಾವಿರಾರು ಮೈಲಿ ದೂರದ ನೆಲಮಾಳಿಗೆಯಲ್ಲಿ. 1967ರ 'ದಿ ಇಂಟೀರಿಯರ್ ಲ್ಯಾಂಡ್‌ಸ್ಕೇಪ್' ಆ ಕವಿತೆಗಳ ಅನುವಾದ.

ಗ್ರಂಥಾಲಯ ಅಣ್ಣಯ್ಯನಿಗೆ ಕೊಟ್ಟದ್ದು ಗಾಯ. ರಾಮಾನುಜನ್ ಅವರಿಗೆ ಕೊಟ್ಟದ್ದು ನಿಧಿ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಅವರ ನಿಲುವು ಸ್ಪಷ್ಟವಾಗುತ್ತದೆ. ದೂರ ಹೋದವನಿಗೆ ತನ್ನ ಮನೆ ಇನ್ನಷ್ಟು ಚೆನ್ನಾಗಿ ಕಾಣಬಹುದು. ಆದರೆ ಆ ನೋಟಕ್ಕೆ ಬೆಲೆ ತೆರಬೇಕು.

ಕಾವ್ಯದಲ್ಲಿ ಕೂಡುಕುಟುಂಬ

ಇಂಗ್ಲಿಷಿನಲ್ಲಿ ಅವರ ಮೊದಲ ಸಂಕಲನ 'ದಿ ಸ್ಟ್ರೈಡರ್ಸ್' 1966ರಲ್ಲಿ ಬಂದಿತು. 'ರಿಲೇಷನ್ಸ್' 1971ರಲ್ಲಿ, 'ಸೆಕೆಂಡ್ ಸೈಟ್' 1986ರಲ್ಲಿ ಪ್ರಕಟವಾದವು. ಮೂರರಲ್ಲೂ ಮತ್ತೆ ಮತ್ತೆ ಬರುವುದು ಕುಟುಂಬ. 'ರಿಲೇಷನ್ಸ್' ಸಂಕಲನದ ಒಂದು ಕವಿತೆಯಲ್ಲಿ ದೊಡ್ಡ ಹಳೆಯ ಮನೆಯೊಂದಿದೆ. ಅದರೊಳಗೆ ಬಂದದ್ದು ಯಾವುದೂ ಹೊರಹೋಗದು: ದಾರಿ ತಪ್ಪಿದ ಹಸು, ಹಿಂದಿರುಗಿಸದ ಗ್ರಂಥಾಲಯದ ಪುಸ್ತಕ, ಎಲ್ಲವೂ ಅಲ್ಲಿನವೇ ಆಗಿಬಿಡುತ್ತವೆ. ಹೊರಗೆ ಹೋದದ್ದೂ ಮರಳಿ ಬರುತ್ತದೆ, ಆದರೆ ರೂಪ ಬದಲಿಸಿ: ಇಲ್ಲಿಂದ ಹೋದ ಹತ್ತಿ ಮ್ಯಾಂಚೆಸ್ಟರಿನಿಂದ ಬಟ್ಟೆಯಾಗಿ, ಜೊತೆಗೆ ಬಿಲ್ಲು ಹೊತ್ತು, ಗಡಿಗೆ ಹೋದ ಹುಡುಗ ಶವವಾಗಿ. ಮನೆಯ ಬಗ್ಗೆ ಇಷ್ಟು ಪ್ರೀತಿಯನ್ನೂ ಇಷ್ಟು ಭಯವನ್ನೂ ಒಟ್ಟಿಗೆ ಇಟ್ಟ ಕವಿತೆಗಳು ಕಡಿಮೆ.

'ಸೆಕೆಂಡ್ ಸೈಟ್' ಸಂಕಲನದಲ್ಲಿ ಷಿಕಾಗೊದ ಸ್ನಾನದ ಮನೆಯೊಂದಿದೆ. ಅಲ್ಲಿ ಮೀಯುವವನು ಅಜ್ಜನಂತೆ ಬೆಳಗಿನ ಜಾವವೇ ಎದ್ದಿದ್ದಾನೆ. ಕ್ಲೋರಿನ್ ಬೆರೆತ ನಲ್ಲಿ ನೀರೇ ಅವನಿಗೆ ಗಂಗೆ, ತಲೆಯ ಮೇಲಿನ ಬಲ್ಬು ಸೂರ್ಯನ ದಾಯಾದಿ. ಬೆನ್ನಿಗೆ ಸೋಪು ಹಾಕುವ ರೀತಿ ತಂದೆಯದು. ಹೀಗೆ ಒಬ್ಬನೇ ನಿಂತ ಕೋಣೆಯೊಳಗೆ ಹಿಂದಿನವರೂ ಇನ್ನೂ ಹುಟ್ಟದವರೂ ಸೇರಿಕೊಳ್ಳುತ್ತಾರೆ. 'ಚಿಕಾಗೊ ಝೆನ್' ಕವಿತೆಯಲ್ಲಿ ಟ್ರಾಫಿಕ್ ದೀಪದ ಬಣ್ಣ ಬದಲಾದೊಡನೆ ಮುಗ್ಗರಿಸಿದವನು ಕಾಡ್ಗಿಚ್ಚಿನ, ಹಿಮಾಲಯದ ನದಿಯ ದರ್ಶನದೊಳಗೆ ಬೀಳುತ್ತಾನೆ. ವಲಸಿಗನಿಗೆ ಊರು ಬೇಕೆಂದಾಗ ಸಿಗದು, ಬೇಡವಾದಾಗ ಕಾಲಡಿಯಲ್ಲೇ ಬಾಯಿ ತೆರೆಯುವುದು ಎಂಬುದು ಇದರ ಅರ್ಥ.

ಕನ್ನಡದಲ್ಲಿ ಅವರ ಸಂಕಲನಗಳೂ ಮೂರೇ: 'ಹೊಕ್ಕುಳಲ್ಲಿ ಹೂವಿಲ್ಲ' (1969), 'ಮತ್ತು ಇತರ ಪದ್ಯಗಳು' (1977), 'ಕುಂಟೋಬಿಲ್ಲೆ' (1990). ಮೊದಲ ಶೀರ್ಷಿಕೆಯೇ ಒಂದು ಘೋಷಣೆ. ಪುರಾಣದಲ್ಲಿ ವಿಷ್ಣುವಿನ ಹೊಕ್ಕುಳಿಂದ ಕಮಲ ಅರಳಿ, ಅದರಲ್ಲಿ ಬ್ರಹ್ಮ ಹುಟ್ಟುತ್ತಾನೆ. ಮನುಷ್ಯನ ಹೊಕ್ಕುಳಲ್ಲಿ ಹೂವಿಲ್ಲ. ಇರುವುದು ಕತ್ತರಿಸಿದ ಬಳ್ಳಿಯ ಗುರುತು. ಊರು ಬಿಟ್ಟು ಹತ್ತು ವರ್ಷವಾದವನ ಪುಸ್ತಕಕ್ಕೆ ಈ ಹೆಸರು ಹೊಂದುತ್ತದೆ. 1978ರ ಕಿರುಕಾದಂಬರಿ 'ಮತ್ತೊಬ್ಬನ ಆತ್ಮಚರಿತ್ರೆ'ಯ ಹೆಸರಿನಲ್ಲೂ ಇಂಥದೇ ತುಂಟತನ: ಆತ್ಮಚರಿತ್ರೆ ತನ್ನದಾಗಬೇಕಲ್ಲದೆ ಮತ್ತೊಬ್ಬನದು ಹೇಗಾದೀತು? ಆಡುಮಾತಿಗೆ ಹತ್ತಿರವಾದ, ಅಲಂಕಾರ ಬೇಡವೆನ್ನುವ ಈ ಕನ್ನಡ ನವ್ಯದ ಉಚ್ಛ್ರಾಯ ಕಾಲದಲ್ಲೂ ಬೇರೆಯಾಗಿಯೇ ಕೇಳಿಸಿತು.

ತಾವು ಇಂಡಿಯನ್, ಅಮೆರಿಕನ್ ಎಂಬ ಎರಡು ಪದಗಳ ನಡುವಿನ ಅಡ್ಡಗೆರೆ ಎಂದು ರಾಮಾನುಜನ್ ತಮಾಷೆ ಮಾಡುತ್ತಿದ್ದರು. ಇಂಗ್ಲಿಷ್ ಮತ್ತು ತಮ್ಮ ಶಾಸ್ತ್ರಗಳು ಬರವಣಿಗೆಗೆ ಹೊರ ರೂಪವನ್ನೂ, ಕನ್ನಡ, ತಮಿಳು, ಜಾನಪದಗಳು ಒಳ ರೂಪವನ್ನೂ ಕೊಟ್ಟಿವೆ, ಈಗ ಯಾವುದು ಎಲ್ಲಿಂದ ಬಂದುದೆಂದು ತಮಗೇ ತಿಳಿಯದು ಎಂಬ ಅರ್ಥದ ಮಾತನ್ನೂ ಹೇಳಿದ್ದಾರೆ.

ಚೀನಾದಿಂದ ಬಂದವರ ದಾರಿ

ಹಾ ಜಿನ್ ಅವರ ಪರಿಸ್ಥಿತಿ ಬೇರೆ. 1956ರಲ್ಲಿ ಚೀನಾದ ಲಿಯಾವ್‌ನಿಂಗ್ ಪ್ರಾಂತ್ಯದಲ್ಲಿ ಹುಟ್ಟಿದ ಅವರು ಹದಿಹರೆಯದಲ್ಲೇ ಸೈನ್ಯ ಸೇರಿದರು. ಬಳಿಕ ರೈಲ್ವೆಯಲ್ಲಿ ತಂತಿ ಕೆಲಸ ಮಾಡುತ್ತಾ ರೇಡಿಯೊ ಪಾಠಗಳಿಂದ ಇಂಗ್ಲಿಷ್ ಕಲಿಯತೊಡಗಿದರು. 1985ರಲ್ಲಿ ಉನ್ನತ ವ್ಯಾಸಂಗಕ್ಕೆಂದು ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯಕ್ಕೆ ಹೋದರು. ಓದು ಮುಗಿಸಿ ಮರಳುವುದು ಅವರ ಎಣಿಕೆಯಾಗಿತ್ತು. 1989ರ ಜೂನ್‌ನಲ್ಲಿ ಬೀಜಿಂಗ್‌ನ ತಿಯಾನನ್‌ಮೆನ್ ಚೌಕದ ಸುತ್ತ ಪ್ರತಿಭಟನಾಕಾರರ ಮೇಲೆ ಸೈನ್ಯ ಗುಂಡು ಹಾರಿಸಿದ ಮೇಲೆ ಆ ಎಣಿಕೆ ಬದಲಾಯಿತು. ಅಮೆರಿಕದಲ್ಲೇ ಉಳಿದು, ಇಂಗ್ಲಿಷಿನಲ್ಲೇ ಬರೆಯಲು ನಿರ್ಧರಿಸಿದರು.

ಮೊದಲು ಬಂದದ್ದು ಕವಿತೆ: 1990ರ 'ಬಿಟ್ವೀನ್ ಸೈಲೆನ್ಸಸ್'. 1999ರ ಕಾದಂಬರಿ 'ವೇಟಿಂಗ್' ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆಯಿತು. ಅಲ್ಲಿಯವರೆಗಿನ ಕಥೆಗಳ ನೆಲ ಚೀನಾವೇ. 2007ರ 'ಎ ಫ್ರೀ ಲೈಫ್' ಕಾದಂಬರಿಯಲ್ಲಿ ಮೊದಲ ಬಾರಿಗೆ ಅವರು ವಲಸಿಗರ ಬದುಕಿನ ಕಡೆ ತಿರುಗಿದರು. ಅದರ ನಾಯಕ ನಾನ್ ವು ಓದು ಬಿಟ್ಟು, ಕಾವಲುಗಾರನಾಗಿ, ಅಡುಗೆಯವನಾಗಿ ದುಡಿದು, ಅಟ್ಲಾಂಟಾ ಬಳಿ ಹೋಟೆಲೊಂದನ್ನು ಕೊಳ್ಳುತ್ತಾನೆ. ಮನೆ ಸಾಲವೂ ತೀರುತ್ತದೆ. ಆದರೆ ಅವನಿಗೆ ಬೇಕಾದದ್ದು ಕವಿಯಾಗುವುದು, ಅದೂ ಎರವಲು ಭಾಷೆಯಲ್ಲಿ. ಕಾದಂಬರಿಯ ಕೊನೆಗೆ ಅವನು ಬರೆದ ಕವಿತೆಗಳನ್ನೇ ಜೋಡಿಸಲಾಗಿದೆ.

2009ರ 'ಎ ಗುಡ್ ಫಾಲ್' ಸಂಕಲನದ 12 ಕಥೆಗಳು ನ್ಯೂಯಾರ್ಕಿನ ಫ್ಲಷಿಂಗ್ ಬಡಾವಣೆಯ ಚೀನೀಯರವು. ಒಂದರಲ್ಲಿ ಮೊಮ್ಮಕ್ಕಳು ಶಾಲೆಯಲ್ಲಿ ಉಚ್ಚರಿಸಲು ಕಷ್ಟವೆಂದು ಹೆಸರು ಬದಲಿಸಿಕೊಳ್ಳುತ್ತಾರೆ; ಊರಿನ ಆಸ್ತಿ ಮಾರಿ ಮಗನ ಬಳಿ ಬಂದ ಅಜ್ಜ, ಅಜ್ಜಿ ಅದನ್ನು ಸಹಿಸಲಾರರು. ಇನ್ನೊಂದರಲ್ಲಿ ಪ್ರಾಧ್ಯಾಪಕನೊಬ್ಬ ಅರ್ಜಿಯಲ್ಲಿ ಒಂದು ಪದ ತಪ್ಪಾಯಿತೆಂದು ನಿದ್ದೆಗೆಡುತ್ತಾನೆ. ಹೆಸರುಗಳನ್ನು ಬದಲಿಸಿದರೆ ಇವು ಯಾವ ಕನ್ನಡ ಕುಟುಂಬದ ಕಥೆಗಳೂ ಆಗಬಹುದು.

ವಲಸಿಗ ಲೇಖಕರನ್ನು ಕುರಿತ 2008ರ ಪ್ರಬಂಧ ಸಂಕಲನದಲ್ಲಿ ಹಾ ಜಿನ್ ಎರಡು ಕಠಿಣ ಪ್ರಶ್ನೆಗಳನ್ನು ಎತ್ತಿಕೊಂಡರು. ಊರು ಬಿಟ್ಟವನಿಗೆ ಊರಿನ ಪರವಾಗಿ ಮಾತನಾಡುವ ಅಧಿಕಾರವಿದೆಯೇ? ಬೇರೆ ಭಾಷೆಯಲ್ಲಿ ಬರೆಯುವುದು ತಾಯ್ನುಡಿಗೆ ಬಗೆದ ದ್ರೋಹವೇ? ದ್ರೋಹದ ಆರೋಪವನ್ನು ಅವರು ತಿರುಗಿಸಿ ಹಾಕುತ್ತಾರೆ: ಪ್ರಭುತ್ವವು ತನ್ನ ಲೇಖಕನಿಗೆ ಬಗೆದ ದ್ರೋಹದ ಮಾತೇಕೆ ಏಳುವುದಿಲ್ಲ ಎಂಬುದು ಅವರ ವಾದ.

ಎರಡು ದಾರಿಗಳ ವ್ಯತ್ಯಾಸ

ಈ ಇಬ್ಬರನ್ನು ಹೋಲಿಸುವಾಗ ಯಾರ ಆಯ್ಕೆ ಹೆಚ್ಚು ಎಂದು ತೀರ್ಪು ಕೊಡುವುದು ಸರಿಯಾಗದು. ರಾಮಾನುಜನ್ ಅವರಿಗೆ ಮರಳುವ ದಾರಿ ಸದಾ ತೆರೆದಿತ್ತು. ಅವರು ಭಾರತಕ್ಕೆ ಬಂದು ಹೋಗುತ್ತಿದ್ದರು. ಧಾರವಾಡದ ಮನೋಹರ ಗ್ರಂಥಮಾಲೆ ಅವರ ಪುಸ್ತಕಗಳನ್ನು ಹೊರತರುತ್ತಿತ್ತು. 1976ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ನೀಡಿತು. ಅಮೆರಿಕವೂ 1983ರಲ್ಲಿ ಮ್ಯಾಕ್‌ಆರ್ಥರ್ ಫೆಲೊಷಿಪ್ ಕೊಟ್ಟು ಗೌರವಿಸಿತು. ಕನ್ನಡದಲ್ಲಿ ಬರೆದದ್ದಕ್ಕೆ ಅವರನ್ನು ಯಾರೂ ತಡೆಯುವಂತಿರಲಿಲ್ಲ. ಹಾ ಜಿನ್ ಅವರಿಗೆ ತಾಯ್ನುಡಿಯಲ್ಲಿ ಬರೆಯುವುದೆಂದರೆ ತಾಯ್ನಾಡಿನ ಸೆನ್ಸಾರ್ ಕೈಗೆ ಹಸ್ತಪ್ರತಿ ಕೊಡುವುದೇ ಆಗಿತ್ತು. ಆದರೂ 'ಎ ಗುಡ್ ಫಾಲ್' ಕಥೆಗಳನ್ನು ಚೀನೀ ಭಾಷೆಗೆ ಅನುವಾದಿಸಿದವರು ಅವರೇ. ಆ ಪುಸ್ತಕ ಹೊರಬಂದದ್ದು ತೈವಾನ್‌ನಲ್ಲಿ. ಬಿಟ್ಟ ಭಾಷೆ ಅವರನ್ನೂ ಪೂರ್ತಿ ಬಿಡಲಿಲ್ಲವೆನ್ನಬೇಕು.

ರಾಮಾನುಜನ್ ನಂತರದ ಕನ್ನಡ

1965ರ ಬಳಿಕ ಹೋದ ಕನ್ನಡಿಗರು ಬರವಣಿಗೆಯನ್ನು ಬಿಡಲಿಲ್ಲ. ಶಿಕಾರಿಪುರ ಹರಿಹರೇಶ್ವರ ಮತ್ತು ನಾಗಲಕ್ಷ್ಮಿ ದಂಪತಿ 1980ರ ದಶಕದಲ್ಲಿ 'ಅಮೆರಿಕನ್ನಡ' ಪತ್ರಿಕೆ ನಡೆಸಿದರು. 2000ದಲ್ಲಿ ಹ್ಯೂಸ್ಟನ್‌ನಲ್ಲಿ 'ಅಕ್ಕ' ಸಂಸ್ಥೆಯ ವಿಶ್ವ ಕನ್ನಡ ಸಮ್ಮೇಳನ ನಡೆಯಿತು; ಕನ್ನಡ ಸಾಹಿತ್ಯ ರಂಗವೂ ಸ್ಥಾಪನೆಯಾಯಿತು. ಅಮೆರಿಕದಲ್ಲಿ ವೈದ್ಯರಾಗಿರುವ ಗುರುಪ್ರಸಾದ ಕಾಗಿನೆಲೆ 'ಹಿಜಾಬ್' (2017) ಕಾದಂಬರಿಯಲ್ಲಿ ಮಿನೆಸೋಟ ರಾಜ್ಯದ ಆಸ್ಪತ್ರೆಯನ್ನೇ ಕಥೆಯ ಕೇಂದ್ರವಾಗಿಸಿದರು. ಅಲ್ಲಿ ಭಾರತೀಯ ವೈದ್ಯರೂ ವಲಸಿಗರು, ಆಫ್ರಿಕಾದಿಂದ ಬಂದ ರೋಗಿಗಳೂ ವಲಸಿಗರು. ವಲಸಿಗನ ಎದುರು ಬಿಳಿಯನಷ್ಟೇ ಅಲ್ಲ, ಇನ್ನೊಬ್ಬ ವಲಸಿಗನೂ ಇದ್ದಾನೆ ಎಂಬ ಅರಿವು ಕನ್ನಡಕ್ಕೆ ಹೊಸದು.

ಆದರೆ ಇವರೆಲ್ಲ ಕರ್ನಾಟಕದಲ್ಲಿ ಶಾಲೆ ಕಲಿತ ತಲೆಮಾರಿನವರು. ಅಲ್ಲೇ ಹುಟ್ಟಿದ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಕಿವಿಯ ಭಾಷೆ. ಕಣ್ಣಿನ ಭಾಷೆಯಾಗುವುದು ಕಷ್ಟ. ವಾರಾಂತ್ಯದ ಕನ್ನಡ ತರಗತಿಗಳು ಅಕ್ಷರ ಕಲಿಸಬಲ್ಲವು. ಕಥೆಯೊಂದನ್ನು ಓದಿ ಬೆಚ್ಚಿಬೀಳುವಷ್ಟು ಕನ್ನಡಕ್ಕೆ ಮನೆಯ ಮಾತು ಬೇಕು.

ಗಡಿ ತಾಲ್ಲೂಕುಗಳಿಗೂ ಸಂಬಂಧಿಸಿದ್ದು

ಇದು ಸಾಗರದಾಚೆಯವರ ಸಮಸ್ಯೆ ಎಂದು ಬಗೆಯಬೇಕಿಲ್ಲ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕನ್ನು ಬಹುಪಾಲು ಆಂಧ್ರಪ್ರದೇಶವೇ ಸುತ್ತುವರಿದಿದೆ. ಅಲ್ಲಿಯೂ, ಮಧುಗಿರಿ ಮತ್ತು ಶಿರಾ ಕಡೆಯ ಗಡಿ ಹಳ್ಳಿಗಳಲ್ಲೂ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ ಎಂಬುದು ಸಾಮಾನ್ಯ ನೋಟ. ಅಲ್ಲಿಂದಲೂ ಪಕ್ಕದ ಕೊರಟಗೆರೆಯಿಂದಲೂ ಕೆಲಸ ಅರಸಿ ಬೆಂಗಳೂರಿಗೆ ಹೋಗುವ ಯುವಜನರಿಗೆ ಕಚೇರಿಯಲ್ಲಿ ಇಂಗ್ಲಿಷ್ ಕಾದಿರುತ್ತದೆ. ಮಹಡಿಯ ಮೇಲೆ, ಕೆಳಗೆ, ಹೊರಗೆ ಎಂಬ ರಾಮಾನುಜನ್ ಅವರ ವಿಂಗಡಣೆ ಈ ಊರುಗಳ ಜನಕ್ಕೆ ವಿವರಿಸಿ ಹೇಳಬೇಕಾದದ್ದಲ್ಲ. ಮೂರು ಭಾಷೆಗಳಿರುವುದು ಕೊರತೆಯಲ್ಲ, ಬಂಡವಾಳ ಎಂಬುದಕ್ಕೆ ಅವರ ಬರಹವೇ ಸಾಕ್ಷಿ. ಆದರೆ ಒಂದನ್ನು ಕಲಿಯಲು ಇನ್ನೊಂದನ್ನು ಬಿಟ್ಟುಕೊಡಬೇಕೆಂಬ ಅವಸರ ಬಂದಾಗ ಆ ಬಂಡವಾಳ ಕರಗುತ್ತದೆ.

ರಾಮಾನುಜನ್ ಅವರ ಸಮಗ್ರ ಇಂಗ್ಲಿಷ್ ಕವಿತೆಗಳು 1995ರಲ್ಲಿ ಪ್ರಕಟವಾಗಿ, ಆ ಸಂಪುಟಕ್ಕೆ 1999ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಮರಣೋತ್ತರವಾಗಿ ಸಂದಿತು. ಅವರ ಕನ್ನಡ ಕವಿತೆಗಳೂ ಕಿರುಕಾದಂಬರಿಯೂ 2006ರಲ್ಲಿ ಇಂಗ್ಲಿಷಿಗೆ ಅನುವಾದವಾಗಿ ಪುಸ್ತಕ ರೂಪದಲ್ಲಿ ಬಂದವು. ಕನ್ನಡ ಓದಲು ಬಾರದ ಕನ್ನಡದ ಮಕ್ಕಳು, ಅವರು ಷಿಕಾಗೊದಲ್ಲಿರಲಿ, ಬೆಂಗಳೂರಿನಲ್ಲಿರಲಿ, ಕನ್ನಡದ ರಾಮಾನುಜನ್ ಅವರನ್ನು ಇನ್ನು ಆ ಮೂಲಕ ಓದಬಹುದು. ಅಷ್ಟಾದರೂ ಸಿಕ್ಕಿತಲ್ಲ ಎಂಬ ಸಮಾಧಾನ ಒಂದು ಕಡೆ. ಅಣ್ಣಯ್ಯ ತನ್ನ ಮನೆಯನ್ನು ಕಂಡುಕೊಂಡದ್ದೂ ಇಂಗ್ಲಿಷ್ ಪುಸ್ತಕವೊಂದರಲ್ಲೇ ಎಂಬ ಕಳವಳ ಇನ್ನೊಂದು ಕಡೆ.